ಚಿನ್ನದ ತಗಡಿನಲ್ಲಿ ಇಂಡಿಯಂ

ನನಗೆ ಬೇಕಿದ್ದದ್ದು ಏಳು ಚಿನ್ನದ ತಗಡುಗಳು. ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು ಅಗಲ, ತಲೆಗೂದಲಿಗಿಂತ ತೆಳು. ಹೊರದೇಶದ ಕಂಪನಿಗೆ ಆರು ತಿಂಗಳು ಮೊದಲೇ ಹೇಳಿಟ್ಟಿದ್ದೆವು. ಕಳಿಸುವುದು ಮತ್ತೆ ತಡವಾಗುತ್ತದೆ ಎಂದು ಅವರ ಪತ್ರ ಬಂದಾಗ, ದೂರದ ಊರಿನ ಸೈಕ್ಲೋಟ್ರಾನಿನಲ್ಲಿ ನಮಗೆ ಗೊತ್ತುಮಾಡಿದ್ದ ದಿನಕ್ಕೆ ಹದಿನೆಂಟು ದಿನ ಉಳಿದಿತ್ತು. ಆ ದಿನ ತಪ್ಪಿಸಿಕೊಂಡರೆ ಮತ್ತೊಂದು ದಿನ ಸಿಗಲು ವರ್ಷವೇ ಆಗಬಹುದಿತ್ತು.

ಆಗ ನಾನು ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾ ಪಿಎಚ್.ಡಿ. ಕೆಲಸ ಮಾಡುತ್ತಿದ್ದೆ. ನನ್ನ ಮಾರ್ಗದರ್ಶಕರು ನಿವೃತ್ತರಾಗಿ ಚನ್ನರಾಯಪಟ್ಟಣದಲ್ಲಿದ್ದರು. ಗಾಮಾ ಕಿರಣಗಳನ್ನು ಎಣಿಸುವ ಯಂತ್ರ ಹಾಸನದಲ್ಲಿತ್ತು. ಮಾಡುತ್ತಿದ್ದ ಕೆಲಸವನ್ನು ಸರಳವಾಗಿ ಹೇಳುವುದಾದರೆ ಇಷ್ಟು: ವೇಗವಾಗಿ ಓಡುವ ಪ್ರೋಟಾನ್ ಒಂದು ಚಿನ್ನದ ನ್ಯೂಕ್ಲಿಯಸ್ಸನ್ನು ಹೊಕ್ಕು, ಅಲ್ಲಿಂದ ನ್ಯೂಟ್ರಾನ್ ಒಂದನ್ನು ಹೊರಗೆ ತಳ್ಳಿದರೆ ಚಿನ್ನ ಪಾದರಸವಾಗುತ್ತದೆ. ಸಾಮಾನ್ಯ ಪಾದರಸವಲ್ಲ, ವಿಕಿರಣ ಸೂಸುವ ಪಾದರಸ. ಅದು ಕೆಲವೇ ದಿನ ಬಾಳುತ್ತದೆ. ಅದರ ಕಿರಣಗಳಿಂದ ಕ್ಯಾನ್ಸರ್ ಗೆಡ್ಡೆಯನ್ನು ನೋಡಲೂ ಆಗಬಹುದು, ಸುಡಲೂ ಆಗಬಹುದು ಎಂದು ವೈದ್ಯರ ಕಣ್ಣು ಅದರ ಮೇಲಿದೆ. ಆದರೆ ಯಾವ ವೇಗದ ಪ್ರೋಟಾನಿಗೆ ಎಷ್ಟು ಪಾದರಸ ಹುಟ್ಟುತ್ತದೆ ಎನ್ನುವುದು ನಿಖರವಾಗಿ ಗೊತ್ತಿಲ್ಲದೆ ಅದನ್ನು ತಯಾರಿಸುವುದು ಕಷ್ಟ. ಆ ಸಾಧ್ಯತೆಯ ಅಳತೆಗೆ ಕ್ರಾಸ್ ಸೆಕ್ಷನ್ ಎನ್ನುತ್ತಾರೆ. ಈ ಮೊದಲು ಅಳೆದವರ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅದಕ್ಕೇ ನಾನು ಮತ್ತೆ ಅಳೆಯಲು ಹೊರಟಿದ್ದು.

ನಮ್ಮ ಬಳಿ ಶುದ್ಧತೆಯ ಪ್ರಮಾಣಪತ್ರವಿದ್ದ ಒಂದು ಚಿನ್ನದ ತುಂಡು ಇತ್ತು, ಆದರೆ ದಪ್ಪದ್ದು. ಅದನ್ನು ತೆಳುಮಾಡುವ ಯಂತ್ರ ನಮ್ಮ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ. ನನಗೆ ಹೊಳೆದದ್ದು ಅರಕಲಗೂಡಿನ ಅಕ್ಕಸಾಲಿಗರೊಬ್ಬರ ಮನೆ. ಅರಕಲಗೂಡು ನಾನು ಹುಟ್ಟಿದ ಊರು. ನಮ್ಮಮ್ಮನ ಓಲೆಯಿಂದ ಹಿಡಿದು ನನ್ನ ಉಂಗುರದವರೆಗೆ ಎಲ್ಲ ಅವರ ಕೈಯಲ್ಲೇ ಆದದ್ದು. ಊರಲ್ಲಿ ಎಲ್ಲರೂ ಅವರನ್ನು ಆಚಾರ್ರು ಎನ್ನುತ್ತಿದ್ದರು. ಎರಡು ಉಕ್ಕಿನ ಉರುಳೆಗಳ ನಡುವೆ ಲೋಹವನ್ನು ಒತ್ತಿ ತಗಡು ಮಾಡುವ ಕೈಯಂತ್ರ ಅವರ ಜಗಲಿಯ ಮೇಲೇ ಇತ್ತು.

ಭಾನುವಾರ ಬೆಳಿಗ್ಗೆ ಹೋಗಿ ವಿಷಯ ಹೇಳಿದೆ. ಆಚಾರ್ರು ಕನ್ನಡಕವನ್ನು ಹಣೆಗೇರಿಸಿ ಜೋರಾಗಿ ನಕ್ಕರು.

“ಪಾದರಸಾನ ಚಿನ್ನ ಮಾಡ್ತೀವಿ ಅಂತ ನಮ್ ತಾತನ ಕಾಲ್ದಲ್ಲಿ ಮನೆ ಮಠ ಬುಟ್ಟು ಓದೋರವ್ರೆ. ನೀವ್ ನೋಡುದ್ರೆ ಚಿನ್ನಾನ ಪಾದರಸ ಮಾಡ್ತೀನಿ ಅಂತ ಬಂದಿದೀರಲ್ಲ ಮೇಡಂ!”

“ಎಲ್ಲಾ ಚಿನ್ನ ಅಲ್ಲ ಆಚಾರ್ರೆ. ಕೋಟಿಗಟ್ಟಲೆ ಪರಮಾಣುವಿನಲ್ಲಿ ಒಂದಷ್ಟು.”

“ಆಗ್ಲಿ ಬುಡಿ. ಕೊಡಿ ಇಲ್ಲಿ. ಎಷ್ಟ್ ತೆಳು ಬೇಕು?”

ತೋರಿಸಲು ನನ್ನ ತಲೆಯಿಂದ ಒಂದು ಕೂದಲು ಕಿತ್ತು ಕೊಟ್ಟೆ. ಅವರು ಅದನ್ನು ಬೆರಳಲ್ಲಿ ಹೊಸೆದು ನೋಡಿ ತಲೆಯಾಡಿಸಿದರು.

ಇಡೀ ದಿನ ಹಿಡಿಯಿತು. ಉರುಳೆಗಳನ್ನು ಒರೆಸಿ, ತುಂಡನ್ನು ಒಳಗೆ ಬಿಟ್ಟು ಹಿಡಿಯನ್ನು ತಿರುಗಿಸುವುದು, ತಿರುಪನ್ನು ಒಂದು ಗೆರೆಯಷ್ಟು ಬಿಗಿ ಮಾಡುವುದು, ಮತ್ತೆ ತಿರುಗಿಸುವುದು. ಒತ್ತಿಸಿಕೊಂಡ ಚಿನ್ನ ಗಟ್ಟಿಯಾಗಿ ಅಂಚು ಸೀಳತೊಡಗಿದರೆ ಅದನ್ನು ಬೆಸುಗೆಗೂ ಬಳಸುತ್ತಿದ್ದ ಇಟ್ಟಿಗೆಯ ಮೇಲಿಟ್ಟು ಕೆಂಪಗೆ ಕಾಸಿ ಮೆತ್ತಗೆ ಮಾಡುತ್ತಿದ್ದರು. ಮೊದಲ ನಾಲ್ಕು ತಗಡುಗಳನ್ನು ಒಂದೇ ಸಲ ಕಾಸಿದರು, ಕೊನೆಯ ಮೂರನ್ನು ಎರಡೆರಡು ಸಲ. ಅಭ್ಯಾಸದಂತೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅವರ ಹೆಂಡತಿ ಮಗ್ಗುಲಲ್ಲೇ ಚಿಕ್ಕ ಮಣೆಯ ಮೇಲೆ ಕೂತು ಸರದ ಕೊಂಡಿಗಳಿಗೆ ಬೆಸುಗೆ ಹಾಕುತ್ತಿದ್ದರು. ಮಲ್ಲಿಪಟ್ಟಣದ ಕಡೆಯವರು, ಮಾತು ಕಡಿಮೆ. ಬಾಯಲ್ಲಿ ಊದುಗೊಳವೆ ಹಿಡಿದು ದೀಪದ ಉರಿಯನ್ನು ಸೂಜಿಯ ಮೊನೆಯಷ್ಟು ಸಣ್ಣ ಮಾಡಿ ಒಂದೊಂದೇ ಕೊಂಡಿಗೆ ತಾಗಿಸುತ್ತಿದ್ದರು. ಅಂಥ ಕೈ ನಾನು ಬೇರೆಲ್ಲೂ ನೋಡಿಲ್ಲ. ಊಟಕ್ಕೆ ಏಳುವಾಗ ಗೋಡೆ ಹಿಡಿದು ಎದ್ದರು. “ಮೂಳೆನೋವು ಕಣಮ್ಮ, ಕೂತೂ ಕೂತೂ” ಎಂದರು. ನಾನು ಹೂಂ ಎಂದೆ, ಅಷ್ಟೆ.

ಸೈಕ್ಲೋಟ್ರಾನ್ ಇದ್ದ ಊರಿಗೆ ರೈಲಿನಲ್ಲಿ ಹೋದೆ. ಅಲ್ಲಿ ತಗಡುಗಳನ್ನು ಒಂದರ ಹಿಂದೊಂದು ಜೋಡಿಸಿದೆ: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಮತ್ತೆ ಚಿನ್ನ. ಪ್ರೋಟಾನುಗಳು ಒಂದೊಂದು ತಗಡನ್ನು ದಾಟುವಾಗಲೂ ಸ್ವಲ್ಪ ವೇಗ ಕಳೆದುಕೊಳ್ಳುವುದರಿಂದ, ಒಂದೇ ಸಲದ ಹೊಡೆತಕ್ಕೆ ಏಳು ಬೇರೆ ಬೇರೆ ವೇಗಗಳ ಅಳತೆ ಸಿಗುತ್ತದೆ. ತಾಮ್ರದಲ್ಲಿ ಏನು ಎಷ್ಟು ಹುಟ್ಟುತ್ತದೆ ಎನ್ನುವುದು ಜಗತ್ತಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹಾಗಾಗಿ ಎಷ್ಟು ಪ್ರೋಟಾನ್ ಹಾದುಹೋಯಿತು ಎಂಬುದಕ್ಕೆ ತಾಮ್ರವೇ ಸಾಕ್ಷಿ. ಒಂದು ಗಂಟೆ ಹೊಡೆದರು. ವಿಕಿರಣ ತಗ್ಗುವವರೆಗೆ ಕಾದು, ತಗಡುಗಳನ್ನು ಬಿಡಿಸಿ, ಅಲ್ಲಿನ ಯಂತ್ರದ ಮುಂದೆ ಒಂದೊಂದಾಗಿ ಇಟ್ಟು ಎಣಿಸತೊಡಗಿದೆ.

ಎರಡನೆಯ ದಿನ ಮಧ್ಯಾಹ್ನ ತೆರೆಯ ಮೇಲೆ ಎರಡು ಶಿಖರಗಳು ಎದ್ದವು. ಒಂದು 171ರಲ್ಲಿ, ಒಂದು 245ರಲ್ಲಿ. ಗಾಮಾ ಕಿರಣದ ಶಕ್ತಿಯನ್ನು ನಾವು ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಹೇಳುತ್ತೇವೆ. ಒಂದೊಂದು ವಿಕಿರಣ ವಸ್ತುವಿಗೂ ತನ್ನದೇ ಸಂಖ್ಯೆಗಳಿರುತ್ತವೆ. ಪಾದರಸದ ಪಟ್ಟಿಯಲ್ಲಿ ಈ ಎರಡೂ ಇರಲಿಲ್ಲ. ಚಿಕ್ಕವೇ, ಆದರೆ ಸ್ಪಷ್ಟವಾಗಿದ್ದವು. ಗುರುಗಳಿಗೆ ಫೋನು ಮಾಡಿದೆ.

“ಎಷ್ಟು ಬೇಗ ಇಳೀತಿದೆ?” ಎಂದು ಕೇಳಿದರು.

“ಪಾದರಸ ಇಳಿಯೋ ವೇಗದಲ್ಲೇ ಇಳೀತಿದೆ ಸರ್. ಅರ್ಧಾಯು ಹೆಚ್ಚುಕಡಿಮೆ ಅದೇ.”

ಅವರ ದನಿ ಏರಿತು. “ಹಾಗಾದ್ರೆ ಪಾದರಸದ್ದೇ ಇರಬಹುದು. ಇದುವರೆಗೂ ಯಾರೂ ನೋಡದೇ ಇರೋ ಗೆರೆ. ಚೆನ್ನಾಗಿ ಎಣಿಸಿ. ಅವಸರ ಮಾಡಬೇಡಿ.”

ಎಪ್ಪತ್ತು ದಾಟಿದ ಮನುಷ್ಯನ ದನಿಯಲ್ಲಿ ಅಂಥ ಸಂತೋಷ ಕೇಳಿದ ಮೇಲೆ ನನಗೂ ಅದು ನಿಜವಾಗಿರಲಿ ಅನ್ನಿಸಿತು. ಆ ಆಸೆ ನನ್ನ ಕಣ್ಣನ್ನು ಎಷ್ಟು ಮಂಕು ಮಾಡಿತು ಎನ್ನುವುದು ಆಮೇಲೆ ತಿಳಿಯಿತು.

ಐದನೆಯ ದಿನದ ಹೊತ್ತಿಗೆ ವಿಕಿರಣ ಸಾಗಣೆಯ ಮಿತಿಯೊಳಗೆ ಇಳಿದಿತ್ತು. ಕಾಗದಪತ್ರ ಮುಗಿಸಿದ ಮೇಲೆ ಸೀಸದ ಪುಟ್ಟ ಪೆಟ್ಟಿಗೆಯಲ್ಲಿ ತಗಡುಗಳು ಹಾಸನಕ್ಕೆ ಬಂದವು. ಹಾಸನದ ನಮ್ಮ ಯಂತ್ರಕ್ಕೆ ಸದಾ ದ್ರವ ನೈಟ್ರೋಜನ್ನಿನ ತಂಪು ಬೇಕು. ಹಸುಗಳ ಗರ್ಭಧಾರಣೆಯ ವೀರ್ಯ ಕಾಪಿಡಲು ನೈಟ್ರೋಜನ್ ಹೊತ್ತು ಊರೂರಿಗೆ ಹೋಗುವ ವ್ಯಾನಿನವರೇ ನಮಗೂ ಒಂದು ಕ್ಯಾನ್ ಇಳಿಸಿ ಹೋಗುತ್ತಿದ್ದರು. ಕಾಲೇಜು ಮುಗಿಸಿ ಹೊಳೆನರಸೀಪುರದಿಂದ ರೈಲಿನಲ್ಲೋ ಬಸ್ಸಿನಲ್ಲೋ ಹಾಸನಕ್ಕೆ ಹೋಗಿ, ತಗಡು ಬದಲಿಸಿ, ಎಣಿಕೆಗೆ ಹಚ್ಚಿ ವಾಪಸು ಬರುತ್ತಿದ್ದೆ. ಹೀಗೆ ಮೂರು ವಾರ.

ಮೂರು ವಾರದ ಅಂಕಿಗಳನ್ನು ಒಟ್ಟಿಗೆ ಹಾಕಿದಾಗ ಎರಡು ಕಡೆ ಎಡವಟ್ಟಾಯಿತು. ಪಾದರಸದ ಅರ್ಧಾಯು ಅರವತ್ತನಾಲ್ಕು ಗಂಟೆ. ಅಂದರೆ ಅಷ್ಟು ಹೊತ್ತಿಗೊಮ್ಮೆ ಅದು ಅರ್ಧ ಕರಗುತ್ತದೆ. ನನ್ನ ಎರಡು ಹೊಸ ಶಿಖರಗಳದ್ದು ಅರವತ್ತೇಳಕ್ಕೆ ನಿಂತಿತು. ಮೂರು ಗಂಟೆಯ ವ್ಯತ್ಯಾಸ. ಎಣಿಕೆಯ ತಪ್ಪು ಎಂದು ತಳ್ಳಿಹಾಕಲು ನೋಡಿದೆ, ಮತ್ತೆ ಮತ್ತೆ ಲೆಕ್ಕ ಮಾಡಿದೆ. ಅರವತ್ತೇಳೇ. ಎರಡನೆಯದು ಇನ್ನೂ ಕೆಟ್ಟದ್ದು. ನಾನು ಪಾದರಸವನ್ನು ಅಳೆಯಲು ನೆಚ್ಚಿಕೊಂಡಿದ್ದು 191ರ ಶಿಖರವನ್ನು. ಮೊದಲ ವಾರ ಸರಿಯಾಗಿ ಇಳಿಯುತ್ತಿದ್ದ ಅದು ಮೂರನೆಯ ವಾರ ಇಳಿಯುವುದನ್ನೇ ಬಿಟ್ಟಿತ್ತು. ಪಾದರಸ ಕರಗಿಹೋದ ಜಾಗದಲ್ಲಿ, ಒಂದು ಕೂದಲೆಳೆ ಎಡಕ್ಕೆ, 190ರಲ್ಲಿ, ಬೇರೇನೋ ಕೂತಿತ್ತು.

171, 245, ಅರವತ್ತೇಳು ಗಂಟೆ. ಆ ಮೂರನ್ನೂ ಒಟ್ಟಿಗೆ ಇಟ್ಟು ಕೋಷ್ಟಕ ತೆರೆದರೆ ಉತ್ತರ ಒಂದೇ: ಇಂಡಿಯಂ. 190ರಲ್ಲಿ ನಿಧಾನಕ್ಕೆ ಕರಗುತ್ತಿದ್ದದ್ದೂ ಇನ್ನೊಂದು ಬಗೆಯ ಇಂಡಿಯಮ್ಮೇ.

ಚಿನ್ನದಿಂದ ಇಂಡಿಯಂ ಹುಟ್ಟುವುದಿಲ್ಲ. ಧಾತುಗಳ ಸಾಲಿನಲ್ಲಿ ಚಿನ್ನ ಎಪ್ಪತ್ತೊಂಬತ್ತನೆಯದು, ಒಂದು ಪ್ರೋಟಾನ್ ಸೇರಿದರೆ ಎಂಬತ್ತನೆಯದಾದ ಪಾದರಸ. ಇಂಡಿಯಂ ನಲವತ್ತೊಂಬತ್ತನೆಯದು, ಎಲ್ಲೋ ದೂರ. ನಮ್ಮ ಪ್ರೋಟಾನುಗಳಿಂದ ಇಂಡಿಯಂ ಹುಟ್ಟಬೇಕಾದರೆ ಅದರ ಹಿಂದಿನ, ನಲವತ್ತೆಂಟನೆಯ ಧಾತು ಅಲ್ಲಿರಬೇಕು. ಅದು ಕ್ಯಾಡ್ಮಿಯಂ.

ಹೊಸ ಗೆರೆಯೂ ಹೋಯಿತು, ನನ್ನ ಅಳತೆಯೂ ಹೋಯಿತು. ಆವತ್ತು ನನಗೆ ಬಂದದ್ದು ಸಿಟ್ಟು. ಸೈಕ್ಲೋಟ್ರಾನಿನಲ್ಲಿ ಬೇರೆ ತಂಡದವರು ಔಷಧಕ್ಕೆಂದು ಇಂಡಿಯಂ ತಯಾರಿಸಲು ಕ್ಯಾಡ್ಮಿಯಮ್ಮಿಗೆ ಹೊಡೆಯುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಅವರು ಬಳಸಿದ, ತಗಡು ಜೋಡಿಸಿಡುವ ಹಿಡಿಕೆಯನ್ನೇ ತೊಳೆಯದೆ ನನಗೆ ಕೊಟ್ಟಿದ್ದಾರೆ ಎಂದು ತೀರ್ಮಾನಿಸಿ, ಬಿರುಸಾಗಿ ಒಂದು ಮೇಲ್ ಬರೆದು ಕಳಿಸಿಬಿಟ್ಟೆ.

ಹತ್ತು ದಿನದ ಮೇಲೆ ಅಲ್ಲಿನ ವಿಜ್ಞಾನಿಯ ಉತ್ತರ ಬಂತು. ಅದರಲ್ಲಿ ಕೋಪವಿರಲಿಲ್ಲ. ಅದೇ ಹಿಡಿಕೆಯಲ್ಲಿ ಬರಿಯ ಅಲ್ಯೂಮಿನಿಯಂ ಇಟ್ಟು ಹೊಡೆದು ನೋಡಿದ್ದರು, ಇಂಡಿಯಮ್ಮಿನ ಸುಳಿವಿರಲಿಲ್ಲ. ಕೊನೆಗೆ ಒಂದು ಸಾಲು: ‘ನಿಮ್ಮ ಜೋಡಣೆಯಲ್ಲಿದ್ದ ತಾಮ್ರ, ಅಲ್ಯೂಮಿನಿಯಂ ತಗಡುಗಳಲ್ಲಿ ಈ ಶಿಖರಗಳು ಇವೆಯೇ?’

ಇರಲಿಲ್ಲ. ಹಿಡಿಕೆ ಕೊಳಕಾಗಿದ್ದರೆ ಎಲ್ಲದಕ್ಕೂ ಅಂಟಬೇಕಿತ್ತು. ಅದನ್ನು ಬೇರೆಯವರತ್ತ ಬೆರಳು ತೋರಿಸುವ ಮೊದಲು ನಾನೇ ನೋಡಬೇಕಿತ್ತು. ಕ್ಷಮೆ ಕೇಳಿ ಬರೆದೆ. ಆಮೇಲೆ ಏಳು ಚಿನ್ನದ ತಗಡುಗಳ ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿದೆ. ನಾಲ್ಕರಲ್ಲಿ ಇಂಡಿಯಂ ಅಲ್ಪ. ಉಳಿದ ಮೂರರಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚು. ಜೋಡಣೆಯಲ್ಲಿ ಅವುಗಳ ಜಾಗ ಹಿಂದೆ ಮುಂದೆ ಕಲೆತಿತ್ತು, ಆದ್ದರಿಂದ ಪ್ರೋಟಾನಿನ ವೇಗ ಕಾರಣವಲ್ಲ. ನೋಟ್‌ಬುಕ್ಕನ್ನು ಹಿಂದಕ್ಕೆ ತಿರುವಿದೆ. ಆ ಮೂರನ್ನೇ ಆಚಾರ್ರು ಇಟ್ಟಿಗೆಯ ಮೇಲಿಟ್ಟು ಎರಡು ಸಲ ಕಾಸಿದ್ದು.

ಚಿನ್ನದ ಕೆಲಸದವರು ಕೆಡಿಎಂ ಎನ್ನುತ್ತಾರಲ್ಲ, ಆ ಬೆಸುಗೆಯಲ್ಲಿ ಇರುವುದು ಕ್ಯಾಡ್ಮಿಯಂ. ಅದು ಬಲುಬೇಗ ಕರಗುತ್ತದೆ, ಸಣ್ಣ ಸಂದಿಗೂ ಹರಿಯುತ್ತದೆ, ಹಾಗೆಯೇ ಬಲುಬೇಗ ಹೊಗೆಯಾಗುತ್ತದೆ. ಆ ಹೊಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಇಟ್ಟಿಗೆಯ ಮೇಲೆ, ಗೋಡೆಯ ಮೇಲೆ ಕೂರುತ್ತದೆ.

ಖಚಿತಪಡಿಸಿಕೊಳ್ಳಬೇಕಿತ್ತು. ಹಾಸನದಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಗೆಳತಿಗೆ ಎರಡು ಚೂರು ಕೊಟ್ಟೆ. ಒಂದು ಆಚಾರ್ರ ಕೈ ಸೋಕದ ಮೂಲ ತುಂಡಿನದು, ಇನ್ನೊಂದು ಯಂತ್ರದಲ್ಲಿ ಒತ್ತಿ ಉಳಿದ ಅಂಚು. ಆಮ್ಲದಲ್ಲಿ ಕರಗಿಸಿ ನೋಡಿ ಅವಳು ಹೇಳಿದಳು: ಮೊದಲನೆಯದರಲ್ಲಿ ಕ್ಯಾಡ್ಮಿಯಂ ಇಲ್ಲ, ಎರಡನೆಯದರಲ್ಲಿ ಇದೆ.

ಇಷ್ಟು ತಿಳಿದ ದಿನವೇ ನಾನು ಅರಕಲಗೂಡಿನ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಮೌಲ್ಯಮಾಪನದ ಕೆಲಸವಿತ್ತು ನಿಜ, ಪಿಎಚ್.ಡಿ. ಅವಧಿ ಮುಗಿಯುತ್ತಾ ಬಂದಿತ್ತು ನಿಜ. ಅದಕ್ಕಿಂತ ಹೆಚ್ಚಾಗಿ ಅಂಜಿಕೆ. ಮೂರು ತಲೆಮಾರಿನಿಂದ ಕೈ ಶುದ್ಧ ಎನ್ನಿಸಿಕೊಂಡ ಮನೆಗೆ ಹೋಗಿ, ನಿಮ್ಮಿಂದ ಚಿನ್ನ ಕೆಟ್ಟಿತು ಎನ್ನುವುದು ಹೇಗೆ? ಮೂರು ವಾರ ಹಾಗೇ ಕಳೆದೆ. ಆ ಮೂರು ವಾರದ ಲೆಕ್ಕ ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಕಡೆಗೆ ಚನ್ನರಾಯಪಟ್ಟಣಕ್ಕೆ, ಗುರುಗಳ ಮನೆಗೆ ಹೋದೆ. ಕಾಗದಗಳನ್ನು ಮೇಜಿನ ಮೇಲೆ ಹರಡಿ ಎಲ್ಲ ಹೇಳಿದೆ. ತಮ್ಮ ಹೊಸ ಗೆರೆ ಇಲ್ಲವಾದದ್ದನ್ನು ಅವರು ತುಟಿ ಬಿಗಿದು ಕೇಳಿಸಿಕೊಂಡರು. ಬಹಳ ಹೊತ್ತು ಅಂಕಿಗಳ ಮೇಲೆ ಬೆರಳಾಡಿಸಿದರು.

“ಮೂರು ತಗಡು ಬಿಟ್ಟುಬಿಡಿ. ಉಳಿದ ನಾಲ್ಕರಲ್ಲಿ ಮೊದಲ ವಾರದ ಎಣಿಕೆ ಮಾತ್ರ ತಗೊಂಡ್ರೆ ಇಂಡಿಯಂ ಪ್ರಭಾವ ಕಡಿಮೆ. ಪ್ರಬಂಧಕ್ಕೆ ಸಾಕಾಗುತ್ತೆ.”

“ಅಷ್ಟು ಮಾಡಿದ್ರೆ ಸರಿಯಾಗುತ್ತಾ ಸರ್?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅದಿರಲಿ. ಆ ಆಚಾರ್ರಿಗೆ ಹೇಳಿದ್ರಾ?”

ಇಲ್ಲವೆಂದು ತಲೆಯಾಡಿಸಿದೆ.

“ತಗಡಿಗೆ ಇಷ್ಟು ಅಂಟಿದೆ ಅಂದ್ರೆ ಅಲ್ಲಿ ದಿನಾ ಉಸಿರಾಡೋರಿಗೆ ಎಷ್ಟು ಅಂಟಿರಬೇಡ?” ಎಂದರು. “ಎಷ್ಟು ದಿನ ಆಯ್ತು ನಿಮಗೆ ಗೊತ್ತಾಗಿ?”

“ಮೂರು ವಾರ.”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಮನೆಯವರು ತಂದಿಟ್ಟ ಕಾಫಿ ಆರುತ್ತಿತ್ತು. ನಾನು ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆ. ಹಿಂದಿರುಗುವ ಬಸ್ಸಿನಲ್ಲಿ ಎರಡು ತೀರ್ಮಾನ ಮಾಡಿದೆ. ಈ ಏಳು ತಗಡುಗಳಲ್ಲಿ ಒಂದರ ಅಂಕಿಯನ್ನೂ ಬಳಸುವುದಿಲ್ಲ. ಅವಧಿ ವಿಸ್ತರಣೆಗೆ ಅರ್ಜಿ ಹಾಕಿ, ಕಾರಣವನ್ನು ಇದ್ದಂತೆ ಬರೆದು, ಮತ್ತೆ ಸೈಕ್ಲೋಟ್ರಾನಿನ ದಿನ ಕೇಳುತ್ತೇನೆ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ ಅರಕಲಗೂಡಿಗೆ ಹೋಗುತ್ತೇನೆ.

ಆಚಾರ್ರು ಜಗಲಿಯ ಮೇಲೆ ಯಾರದೋ ಬಳೆ ನೆಟ್ಟಗೆ ಮಾಡುತ್ತಿದ್ದರು. ಹೆಂಡತಿ ಮಣೆಯ ಮೇಲಿದ್ದರು, ಬಾಯಲ್ಲಿ ಊದುಗೊಳವೆ. ನಾನು ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು.

“ಆಚಾರ್ರೆ, ನೀವು ಕೆಡಿಎಂ ಬಳಸ್ತೀರಾ?” ಎಂದು ನೇರವಾಗಿ ಕೇಳಿಬಿಟ್ಟೆ.

ಅವರ ಮುಖ ಗಟ್ಟಿಯಾಯಿತು. “ಅದ ಬುಟ್ಟು ಬಾಳ ವರ್ಸ ಆಯ್ತು. ಈಗ ಯಾರ್ ಮಾಡ್ತಾರೆ? ಯಾಕೆ, ನಿಮ್ ಚಿನ್ನದಲ್ಲೇನಾರ ಕಲಬೆರಕೆ ಆಗೈತೆ ಅಂತ ಬಂದ್ರಾ?”

“ಕಲಬೆರಕೆ ಅಂತಲ್ಲ...”

“ಮತ್ತೇನು? ನಿಮ್ಮಪ್ಪನ ಕಾಲದಿಂದ ನಿಮ್ಮನೆಗೆ ಮಾಡ್ಕೊಟ್ಟಿವ್ನಿ. ಒಂದು ಗುಲಗಂಜಿ ಯತ್ವಾಸ ಬಂದೈತಾ ಏಳಿ ನೋಡಾನ. ಆ ಮಿಸಿನ್ನು ಏನೋ ಏಳ್ತು ಅಂತ ನನ್ ಬಾಗ್ಲಿಗೆ ಬಂದು...”

“ಯಾಕ್ರೀ ಸುಳ್ಳೇಳ್ತೀರಿ?”

ಮಾತಾಡಿದ್ದು ಅವರ ಹೆಂಡತಿ. ಊದುಗೊಳವೆ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡುತ್ತಿದ್ದರು. ದನಿ ಮೆತ್ತಗೇ ಇತ್ತು.

“ಮನೆ ಮಗಳಂಗೆ ಕೇಳ್ಕೊಂಡ್ ಬಂದವ್ಳೆ, ಪೊಲೀಸ್ನೋಳಲ್ಲ. ಹಳೇ ಸರ ಬಂದ್ರೆ ಅದ್ರಲ್ಲೇ ಬೆಸೆಯಾದು ಕಣಮ್ಮ. ಬ್ಯಾರೇದು ನನ್ ಕಣ್ಗೆ ಆಗಾಕಿಲ್ಲ. ಇದಾದ್ರೆ ಸಲೀಸಾಗಿ ಅರೀತದೆ. ಇವ್ರು ಎದ್ರುಕಂಡು ಇಲ್ಲ ಅಂತಾರೆ. ಅದುನ್ನ ಮಾಡ್ಬಾರ್ದು ಅಂತ ಕಾನೂನು ಬಂದೈತಂತಲ್ಲ.”

ಆಚಾರ್ರು ಬಳೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ನಾನು ಜಗಲಿಯ ಮೇಲೆ, ಅವರ ಹೆಂಡತಿಯ ಎದುರಿಗೆ ಕೂತೆ. ಚಿನ್ನದ ಬಗ್ಗೆ ಕೇಳಲು ಬಂದಿಲ್ಲ ಎಂದೆ. ಆ ಬೆಸುಗೆ ಕರಗುವಾಗ ಏಳುವ ಹೊಗೆ ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ, ಮೂಳೆಗೆ ಸೇರುತ್ತದೆ ಎಂದೆ. ಊದುಗೊಳವೆಯವರಿಗೆ ಎಲ್ಲರಿಗಿಂತ ಹತ್ತಿರ ಎಂದೆ. ಆ ತಗಡುಗಳಲ್ಲಿ ಏನು ಕಂಡಿತು, ಅದು ಎಲ್ಲಿಂದ ಬಂದಿರಬೇಕು ಎನ್ನುವುದನ್ನೂ ಬಿಡಿಸಿ ಹೇಳಿದೆ. ಮೂರು ವಾರ ತಡಮಾಡಿದೆ ಎನ್ನುವುದನ್ನೂ ಮುಚ್ಚಿಡಲಿಲ್ಲ.

“ನಲ್ವತ್ ವರ್ಸದಿಂದ ಮಾಡ್ತಾವಳೆ ಇವಳು” ಎಂದರು ಆಚಾರ್ರು. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಮೂರು ವಾರ ಯಾವ ಲೆಕ್ಕ?”

ಅಷ್ಟು ಹೇಳಿ, ಅವರು ಬಗ್ಗಿ ಹೆಂಡತಿಯ ಮುಂದಿದ್ದ ದೀಪವನ್ನು ಊದಿ ಆರಿಸಿದರು.

ಎರಡು ದಿನ ಬಿಟ್ಟು ಮೂವರೂ ಹಾಸನಕ್ಕೆ ಹೋದೆವು. ಮೂತ್ರಪಿಂಡದ ವೈದ್ಯರು ಎಲ್ಲ ಕೇಳಿಸಿಕೊಂಡು ರಕ್ತ, ಮೂತ್ರ ಪರೀಕ್ಷೆಗೆ ಬರೆದರು. ಕ್ಯಾಡ್ಮಿಯಂ ಪರೀಕ್ಷೆಗೆ ಮಾದರಿ ಬೇರೆ ಊರಿಗೆ ಹೋಗಬೇಕಿತ್ತು. ಫಲಿತಾಂಶ ಬಂದಾಗ ಆಚಾರ್ರದು ಮಿತಿಯ ಆಸುಪಾಸಿನಲ್ಲಿತ್ತು. ಅವರ ಹೆಂಡತಿಯದು ಮಿತಿ ಮೀರಿತ್ತು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ಮೂತ್ರಪಿಂಡ ಸೋತಿರಲಿಲ್ಲ, ಆದರೆ ದಣಿದಿತ್ತು.

“ಒಳಗೆ ಹೋಗಿರೋದನ್ನ ಎಳೆದು ತೆಗೆಯೋಕೆ ಇವರಿಗೆ ಕೊಡೋ ಅಂಥ ಔಷಧಿ ಇಲ್ಲ” ಎಂದರು ವೈದ್ಯರು. “ಹೊಗೆ ನಿಲ್ಲಬೇಕು, ಇವತ್ತಿಂದಲೇ. ಬಿಪಿ ನೋಡ್ಕೋಬೇಕು. ತಿಂಗಳು ತಿಂಗಳು ಬರಬೇಕು. ಇನ್ನೂ ತಡ ಆಗಿದ್ರೆ ಬೇರೆ ಮಾತು ಹೇಳಬೇಕಾಗ್ತಿತ್ತು.”

ಹಿಂದಿರುಗುವಾಗ ಬಸ್ಸಿನಲ್ಲಿ ಆಚಾರ್ರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೊಳೆನರಸೀಪುರದಲ್ಲಿ ನಾನು ಇಳಿಯುವಾಗ, “ಬೆಸುಗೆ ಎಲ್ಲಾ ಇವಳ್ಗೇ ಬುಟ್ಟಿದ್ದೆ ಮೇಡಂ. ಕೈ ಚೆನ್ನಾಗೈತೆ ಅಂತ” ಎಂದರು. ನಾನು ಇಳಿದೆ.

ಬೆಸುಗೆಯ ಕೆಲಸ ಆ ಮನೆಯಲ್ಲಿ ನಿಂತಿತು. ಇಟ್ಟಿಗೆ, ಉಳಿದ ಬೆಸುಗೆ, ಮಣೆಯ ಸುತ್ತ ಗುಡಿಸಿದ ಧೂಳು ಎಲ್ಲವನ್ನೂ ಡಬ್ಬಿಯಲ್ಲಿ ಬಿಗಿದು ಹಾಸನಕ್ಕೆ ತಂದೆ. ಗೆಳತಿ ಅದನ್ನು ತನ್ನ ಪ್ರಯೋಗಾಲಯದ ವಿಷತ್ಯಾಜ್ಯದ ಜೊತೆ ಸೇರಿಸಿಕೊಂಡಳು. ನನ್ನ ಅವಧಿ ಒಂದು ವರ್ಷ ವಿಸ್ತರಣೆಯಾಯಿತು. ವಿಸ್ತರಣೆಯ ಸಭೆಯಲ್ಲಿ ಒಬ್ಬರು, ಅಕ್ಕಸಾಲಿಗರ ಹತ್ತಿರ ತಗಡು ಮಾಡಿಸುವುದು ಯಾವ ಸೀಮೆಯ ವಿಜ್ಞಾನ ಎಂದು ಕೇಳಿದರು. ತಪ್ಪು ಅವರದ್ದಲ್ಲ, ಮಾಡಿಸಿಕೊಂಡ ಮೇಲೆ ಪರೀಕ್ಷಿಸದೆ ಬಳಸಿದ ನನ್ನದು ಎಂದೆ. ಗುರುಗಳು ಪಕ್ಕದಲ್ಲಿ ಕೂತು ತಲೆಯಾಡಿಸಿದರು.

ಎರಡನೆಯ ಸಲದ ತಗಡುಗಳನ್ನೂ ನಾನೇ ಮಾಡಿಕೊಡುತ್ತೇನೆ ಎಂದು ಆಚಾರ್ರು ಹಟ ಹಿಡಿದರು. ಉರುಳೆಗಳನ್ನು ಬಿಚ್ಚಿ ಉಜ್ಜಿ ತೊಳೆದು, ಚಿನ್ನವನ್ನು ಎರಡು ಹೊಸ ಸ್ಟೀಲ್ ಹಾಳೆಗಳ ನಡುವೆ ಇಟ್ಟು ಒತ್ತಿದರು. ಒಂದು ಸಲವೂ ಕಾಸಲಿಲ್ಲ. ಅಂಚುಗಳೆಲ್ಲ ಸೀಳಿದವು, ನಡುವಿನ ಭಾಗ ಮಾತ್ರ ಕತ್ತರಿಸಿಕೊಂಡೆ. ಈ ಸಲ ಒಂದು ಚೂರನ್ನು ಮೊದಲೇ ಆಮ್ಲದಲ್ಲಿ ಕರಗಿಸಿ ಪರೀಕ್ಷಿಸಿದ ಮೇಲೆಯೇ ರೈಲು ಹತ್ತಿದೆ.

ಹನ್ನೊಂದು ತಿಂಗಳ ನಂತರ ಸಿಕ್ಕ ಆ ದಿನದಲ್ಲಿ ಎಲ್ಲ ಸರಿಯಾಗಿ ನಡೆಯಿತು. 171ರಲ್ಲಿ, 245ರಲ್ಲಿ ಬರಿಯ ಹಿನ್ನೆಲೆಯ ಸಮತಟ್ಟು. 191ರ ಶಿಖರ ಮೂರು ವಾರವೂ ಅರವತ್ತನಾಲ್ಕು ಗಂಟೆಯ ಲೆಕ್ಕದಲ್ಲೇ ಇಳಿಯಿತು. ನನ್ನ ಏಳು ಬಿಂದುಗಳು ಒಂದು ನಯವಾದ ತಿರುವಿನ ಮೇಲೆ ಕೂತವು. ಹಳೆಯ ಎರಡು ಅಳತೆಗಳಲ್ಲಿ ಒಂದರ ಪಕ್ಕದಲ್ಲೇ ಅವು ಹಾದುಹೋದವು, ಇನ್ನೊಂದರಿಂದ ದೂರ ಉಳಿದವು. ಪ್ರಬಂಧದಲ್ಲಿ ಮೊದಲ ಪ್ರಯತ್ನ ಏಕೆ ಕೆಟ್ಟಿತು ಎನ್ನುವುದಕ್ಕೆ ಒಂದು ಪುಟ ಕೊಟ್ಟಿದ್ದೇನೆ. ಅದರಲ್ಲಿ ಯಾರ ಹೆಸರೂ ಇಲ್ಲ, ಊರೂ ಇಲ್ಲ.

ಫಲಿತಾಂಶ ಹೇಳಲು ಅರಕಲಗೂಡಿಗೆ ಹೋದೆ. ಆಚಾರ್ರು ಕೊಣನೂರಿನ ಸಂತೆಗೆ ಹೋಗಿದ್ದರು. ಅವರ ಹೆಂಡತಿ ಜಗಲಿಯ ಮೇಲೆ ಹುರುಳಿ ಆರಿಸುತ್ತಾ ಕೂತಿದ್ದರು. ತಗಡು ಶುದ್ಧವಾಗಿತ್ತು ಎಂದೆ.

“ಒಳ್ಳೇದಾಯ್ತು ಬುಡಮ್ಮ” ಎಂದರು. ಸ್ವಲ್ಪ ಹೊತ್ತು ಕಾಳಿನ ಮೇಲೆ ಕೈಯಾಡಿಸಿ ಕೇಳಿದರು, “ಆವತ್ತು ಏಳ್ತಿದ್ದೆಯಲ್ಲ, ಆ ಇಂಡಿಯಮ್ಮು ಎರಡ್ಮೂರು ದಿನಕ್ಕೆ ಅರ್ಧ ಆಗೋಯ್ತದೆ, ಪಾದರಸಾನೂ ಅಂಗೇ ಅಂತ. ನನ್ನೊಳ್ಗೆ ಇರಾದು ಅರ್ಧ ಆಗಾಕೆ ಎಷ್ಟು ದಿನ ಬೇಕು?”

ಅರ್ಧಾಯುವನ್ನು ಗಂಟೆಗಳ ಲೆಕ್ಕದಲ್ಲಿ ಬರೆಯುವುದು ನನ್ನ ಕೆಲಸ. ಈ ಪ್ರಶ್ನೆಯ ಉತ್ತರ ನನಗೆ ವೈದ್ಯರಿಂದ ಗೊತ್ತಿತ್ತು. ಸುಳ್ಳು ಹೇಳಬಹುದಿತ್ತು.

“ದಿನ ಅಲ್ಲ ಅಮ್ಮ. ಹತ್ತು ವರ್ಷ, ಇಪ್ಪತ್ತು ವರ್ಷ ಅಂತಾರೆ. ಇನ್ನೂ ಜಾಸ್ತಿ ಅನ್ನೋರೂ ಇದಾರೆ.”

ಅವರ ಕೈ ನಿಂತಿತು. ಬೀದಿಯಲ್ಲಿ ಒಂದು ಟೆಂಪೋ ಧೂಳೆಬ್ಬಿಸಿಕೊಂಡು ಹಾದುಹೋಯಿತು, ಅವರು ಮೊರಕ್ಕೆ ಸೆರಗು ಅಡ್ಡ ಹಿಡಿದರು.

“ನಂಗೀಗ ಅರ್ವತ್ತು” ಎಂದರು. “ಅಂದ್ರೆ ಅದು ನನ್ ಜೊತೇಲೇ ಓಗಾದು.”

ನಾನು ಅವರ ಕೈ ಹಿಡಿದುಕೊಂಡೆ. ಬೆರಳ ತುದಿಗಳು ಉರಿ ತಾಕಿ ತಾಕಿ ಒರಟಾಗಿದ್ದವು. ಒಂದು ಗಳಿಗೆ ಹಾಗೇ ಬಿಟ್ಟುಕೊಂಡು, ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು ಮೊರವನ್ನು ಪಕ್ಕಕ್ಕಿಟ್ಟರು. ಗೋಡೆ ಹಿಡಿದು ಎದ್ದು ಚಪ್ಪಲಿ ಮೆಟ್ಟಿಕೊಂಡರು.

“ಬಾ” ಎಂದರು.

“ಎಲ್ಲಿಗೆ?”

“ಈ ಬೀದೀಲಿ ಇನ್ನೂ ಮೂರು ಮನೇಲಿ ಎಂಗಸ್ರೇ ಊದಾದು. ಒಬ್ಳು ನನ್ ತಂಗಿ ವಯಸ್ಸಿನೋಳು. ಇನ್ನೊಬ್ಳು ಮೊನ್ನೆ ಮದ್ವೆ ಆಗಿ ಬಂದವಳೆ. ಗಂಡಸ್ರಿಗೆ ಏಳುದ್ರೆ ನಮ್ಮೋರಂಗೆ ಇಲ್ಲ ಅಂತಾರೆ. ನಾವೇ ಓಗಾನ.”

ಮೊದಲ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಕೊಂಡಿ ಬೆಸೆಯುವ ಸಣ್ಣ ಉಸಿರಿನ ಸದ್ದು ಕೇಳುತ್ತಿತ್ತು. ನಾನು ಏನು ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿರುವಷ್ಟರಲ್ಲಿ ಅವರು ಹೊಸಿಲು ದಾಟಿ ಒಳಗೆ ಹೋಗಿ, ಮಣೆಯ ಮೇಲೆ ಕೂತಿದ್ದ ಹೆಂಗಸಿನ ಎದುರಿಗೆ ನೆಲದ ಮೇಲೆಯೇ ಕೂತುಬಿಟ್ಟಿದ್ದರು.

“ಸ್ವಲ್ಪ ಅದನ್ನ ಕೆಳಗಿಡವ್ವ” ಎನ್ನುತ್ತಿದ್ದರು. “ನಿನ್ ತಾವ ಒಂದ್ ಮಾತಾಡ್ಬೇಕು.”